ಕಲ್ಲಿನ ದನಿ ಕೇಳುವ ಟಣ್ ಅಕ್ಕ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಸಾಮಾನು ಕೋಣೆಯಲ್ಲಿ ಐವತ್ತಾರರ ಅಕ್ಕ ಕಬ್ಬಿಣ ಮಸೆಯುವ ಗ್ರೈಂಡರಿನ ದುಂಡು ಕಲ್ಲೊಂದರ ತೂತಿಗೆ ಬೆರಳು ತೂರಿಸಿ ತೂಗುಬಿಡುತ್ತಾರೆ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ಟಣ್! ಅಕ್ಕನ ಮುಖ ಅರಳುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಮಂದವಾಗಿ 'ಥಪ್' ಎಂದರೆ ಒಳಗೆ ಬಿರುಕಿದೆ ಎಂದರ್ಥ, ಅದು ಸೀದಾ ಕಸಕ್ಕೆ. ಎಲ್ಲರ ಬಾಯಲ್ಲಿ ಇವರು 'ಟಣ್ ಅಕ್ಕ'.

ದಿನಕ್ಕೆ ಹದಿನೈದಿಪ್ಪತ್ತು ಕಲ್ಲು ಈ ಬೆರಳಿಗೇರುತ್ತವೆ. ಹನ್ನೊಂದು ವರ್ಷದ ಹಿಂದೆ, ಇಲ್ಲೇ ದುಡಿಯುತ್ತಿದ್ದ ತಮ್ಮ ಒಡಹುಟ್ಟಿದ ಅಣ್ಣನ ಎಡಗಣ್ಣು ಹೋದ ತಿಂಗಳಲ್ಲೇ, ಪಟ್ಟು ಹಿಡಿದು ಕೇಳಿ ಪಡೆದ ಕೆಲಸವಿದು. ಅಂದು ಕೈಜಾರಿ ಬಿದ್ದ ಕಲ್ಲನ್ನು ಯಾರೋ ಒರೆಸಿ, ತುಟಿಪಿಟಿಕ್ಕೆನ್ನದೆ ಕಪಾಟಿನಲ್ಲಿಟ್ಟಿದ್ದರು. ಅಣ್ಣ ಅದನ್ನು ಕೂರಿಸಿ ಗ್ರೈಂಡರ್ ಹಾಕಿದ, ಕಲ್ಲು ಸಿಡಿಯಿತು. ಅವನೀಗ ಅದೇ ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡುತ್ತಾನೆ. "ನೋಡೋಕೆ ಚೆನ್ನಾಗೇ ಇತ್ತಂತೆ ಆ ಕಲ್ಲು. ಯಾರೂ ತಟ್ಟಿ ನೋಡ್ಲಿಲ್ಲ, ಅಷ್ಟೇ," ಎನ್ನುತ್ತಾ ಅಕ್ಕ ಮುಂದಿನ ಕಲ್ಲನ್ನು ಬೆರಳಿಗೇರಿಸುತ್ತಾರೆ.

ಮೊದಮೊದಲು ನಕ್ಕವರೇ ಹೆಚ್ಚು. ಕಲ್ಲಂಗಡಿಯಂತೆ ತಟ್ಟಿ ಆರಿಸುವ ಕೆಲಸಕ್ಕೂ ಸಂಬಳವೇ ಎಂದು ಆಡಿಕೊಂಡರು. ಕಣ್ಣು ಕಾಯುವ ಕನ್ನಡಕ ಹಾಕದವನ ಕೈಗೆ ಅಕ್ಕ ಕಲ್ಲು ಕೊಟ್ಟವರೇ ಅಲ್ಲ, ಬೈಸಿಕೊಂಡರು, ಜಗ್ಗಲಿಲ್ಲ.

ಹೋದ ತಿಂಗಳು ಸರಕು ಸಾಗಿಸುವ ಗಡಿಬಿಡಿ. ಹೊಸ ಸೂಪರ್‌ವೈಸರ್, ಅಕ್ಕ ಕಸಕ್ಕೆಂದು ತೆಗೆದಿಟ್ಟ ಕಲ್ಲನ್ನೇ ಎತ್ತಿಕೊಂಡು ಹೋಗಿ ಗ್ರೈಂಡರಿಗೆ ಕೂರಿಸಿದರು. ಅಕ್ಕ ಬೇಡವೆಂದು ಗೋಗರೆಯುತ್ತಲೇ ಬೆನ್ನಟ್ಟಿದರು. ಸೂಪರ್‌ವೈಸರ್ ಸ್ವಿಚ್ ಒತ್ತಿದ್ದೇ ತಡ, ಅಕ್ಕ ಅವರ ತೋಳು ಹಿಡಿದು ಕಂಬದ ಮರೆಗೆ ಎಳೆದೇಬಿಟ್ಟರು. ಹತ್ತು ಎಣಿಸುವಷ್ಟರಲ್ಲಿ ಕಲ್ಲು ಚೂರುಚೂರಾಗಿ, ಅವರು ನಿಂತಿದ್ದ ಜಾಗದ ಹಿಂದಿನ ಗೋಡೆಯ ಗಾರೆ ಕಿತ್ತುಬಂತು. ಸೂಪರ್‌ವೈಸರ್ ಮುಖ ಸುಣ್ಣದಂತಾಯಿತು. ಯಾರಿಗೂ ಗೀರು ಗಾಯವಿಲ್ಲ.

ಅಕ್ಕನ ಗುರುತಿಲ್ಲದ ಕಲ್ಲು ಗ್ರೈಂಡರ್ ಏರಕೂಡದು ಎಂಬ ಬೋರ್ಡು ಮರುದಿನವೇ ಬಾಗಿಲಿಗೆ ಬಂತು. ಬರೆಸಿದವರು ಅದೇ ಸೂಪರ್‌ವೈಸರ್. ಇವತ್ತೂ ಎಲ್ಲರಿಗಿಂತ ಮುಂಚೆ ಬಂದು, ಎರಡೂ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದಾರೆ. "ಅಕ್ಕಾ, ಇದೊಂದು ಕೇಳಿಬಿಡಿ."

ಟಣ್! ಕಿಟಕಿಯಾಚೆ ಶೆಡ್ಡು ತುಂಬುತ್ತಿದೆ. ಎಲ್ಲ ಸೇರಿ ಮೂವತ್ತೆರಡು ಜನ. ಪ್ಯಾಕಿಂಗ್ ಮೇಜಿನಿಂದ ಅಣ್ಣ ಕೈ ಬೀಸುತ್ತಾನೆ. ಏನಾದರೂ ಆಸೆಯಿದೆಯೇ ಎಂದರೆ ಅಕ್ಕ ನಾಚುತ್ತಾರೆ.

"ದಿನಾ ಬೆಳಿಗ್ಗೆ ಎಣಿಸ್ತೀನಿ. ಅಣ್ಣನ ಒಂದೂ ಸೇರಿ ಅರವತ್ಮೂರು ಕಣ್ಣು ಒಳಗೆ ಬರುತ್ವೆ. ಸಂಜೆ ಮತ್ತೆ ಎಣಿಸ್ತೀನಿ, ಬಂದಷ್ಟೂ ಹೊರಗೆ ಹೋಗ್ಬೇಕು, ಅಷ್ಟೇ ಆಸೆ. ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ಲೆಕ್ಕ ತಪ್ಪಿಲ್ಲ."