ನಾಲಿಗೆಯಿಂದ ನೋಡಿದ ನೆಲ

ಕಡಲತೀರದ ಊರುಗಳಿಗೆಂದು ಮಾಡಿದ ಫಾರಂ ಹಿಡಿದು ನಾನು ಹಚ್ಚೊಳ್ಳಿಗೆ ಹೋಗಿದ್ದೆ. ಸೀಗಡಿ ಸಾಕಲು ಸೂಕ್ತ ಜಾಗ ಗುರುತಿಸುವುದು ನನ್ನ ಕೆಲಸ. ಸಿರುಗುಪ್ಪ ತಾಲ್ಲೂಕಿಗೆ ಸಮುದ್ರ ಎಲ್ಲಿಂದ ಬರಬೇಕು? ಆದರೆ ಕಾಲುವೆ ನೀರು ಕುಡಿದೂ ಕುಡಿದೂ ಸವಳಾದ ನೆಲ ಬೇಕಾದಷ್ಟಿದೆ. ಉಪ್ಪಿದ್ದರೆ ಸಾಕು ಎಂದು ಮೇಲಿನವರು ತೀರ್ಮಾನಿಸಿದ್ದರು. ‘ಉಬ್ಬರದ ಎತ್ತರ’ ಎಂದಿದ್ದ ಕಡೆಯೆಲ್ಲ ‘ಅನ್ವಯಿಸುವುದಿಲ್ಲ’ ಎಂದು ಬರೆದು ಬರೆದು ನನಗೇ ನಗು ಬರುತ್ತಿತ್ತು.

ಕಾಲುವೆ ನಿಂತ ಬೇಸಿಗೆ ಅದು. ಊರಿನ ತಗ್ಗಿನ ತುದಿಗೆ ಒಬ್ಬ ಹೆಂಗಸಿನ ಹೊಲದಲ್ಲಿ ಬಿಳಿ ಪುಡಿ ಎದ್ದು ಕೂತಿತ್ತು. ಭತ್ತ ಬರುವುದು ನಿಂತು ವರ್ಷಗಳಾಗಿದ್ದವು. ಏರಿನ ಕಡೆಯ ಪಟ್ಟಿಯಲ್ಲಷ್ಟೇ ಜೋಳ ಹಾಕಿ, ಉಳಿದ ದಿನ ಕೂಲಿಗೆ ಹೋಗುತ್ತಿದ್ದಳು. ಅವಳಿಗಿದ್ದದ್ದು ಅದೊಂದೇ ಹೊಲ.

ಕುರುಗೋಡಿನ ರೈತನಾಗಿದ್ದ ನನ್ನ ಅಪ್ಪ ಸವಳು ನೋಡುತ್ತಿದ್ದುದು ನಾಲಿಗೆಯಿಂದ. ನಾನೂ ಒಂದು ಚಿಟಿಕೆ ಮಣ್ಣು ಬಾಯಿಗಿಟ್ಟು ಉಗಿದೆ, ಬರೀ ಉಪ್ಪು. ಉಪ್ಪಳೆಯಲು ಕಚೇರಿ ಕೊಟ್ಟಿದ್ದ ಯಂತ್ರ ಹೇಳಿದ್ದೂ ಅದನ್ನೇ. ನನ್ನ ಜಂಬಕ್ಕೆ ಅಷ್ಟು ಸಾಕಾಯಿತು.

“ರೊಯ್ಯಲು ಬದುಕ್ತಾವೇನ್ರಿ ಸಾರ್?” ಎಂದಳು. ಸೀಗಡಿಗೆ ಅಲ್ಲಿ ತೆಲುಗಿನ ಹೆಸರೇ ಬಳಕೆ.

“ಬದುಕ್ತಾವ ಅಕ್ಕ. ಇಂಥಾ ನೆಲ ಸಿಗೂದು ಅಪರೂಪ ಐತಿ.”

“ಕಾಲುವಿ ಬಿಟ್ಟಾಗ ಮ್ಯಾಲಿನ ಗದ್ದಿಯವರು ಭತ್ತಕ್ಕ ಎಣ್ಣಿ ಹೊಡೀತಾರ. ಆ ನೀರೆಲ್ಲಾ ನನ್ನ ಹೊಲಕ್ಕ ಇಳೀತೈತಿ. ಅದನ್ನೂ ಬರಕೊಳ್ರಿ.”

ಎಣ್ಣಿ ಎಂದರೆ ಕೀಟನಾಶಕ. ಫಾರಂ ತಿರುವಿದೆ. ಅಲೆ, ಉಬ್ಬರ, ಚಂಡಮಾರುತ ಎಲ್ಲಕ್ಕೂ ಜಾಗವಿತ್ತು, ಇದಕ್ಕಿರಲಿಲ್ಲ.

“ಒಡ್ಡು ಎತ್ತರಕ್ಕ ಹಾಕಸ್ರಿ ಅಕ್ಕ, ಏನೂ ಆಗಂಗಿಲ್ಲ,” ಎಂದವನೇ ‘ಸೂಕ್ತ’ ಎಂದು ಬರೆದು ಸಹಿ ಹಾಕಿದೆ. ಬಳ್ಳಾರಿಯ ಬಸ್ಸು ಹಿಡಿಯುವ ಅವಸರ ನನಗೆ. ಅಲ್ಲಿನ ಪಾರ್ವತಿನಗರದ ನನ್ನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಅಂದು ಸಂಜೆಯೇ ವರದಿ ಮುಗಿಸಿದೆ.

ಆ ವರದಿಯ ಮೇಲೆ ಕಚೇರಿಯವರು ಅವಳ ಹೊಲದಲ್ಲಿ ಹೊಂಡ ತೋಡಿಸಿದರು. ಮೇಲ್ಮಣ್ಣನ್ನೆಲ್ಲ ಬಳಿದು ಒಡ್ಡಿಗೆ ಸುರಿದರು. ಜೋಳದ ಪಟ್ಟಿಯೂ ಅದರಲ್ಲೇ ಹೋಯಿತು. ಬೋರಿನ ಉಪ್ಪುನೀರು ತುಂಬಿಸಿ ಸೀಗಡಿ ಮರಿ ಬಿಟ್ಟರು. ಮಳೆಗಾಲಕ್ಕೆ ಕಾಲುವೆಗೆ ನೀರು ಬಂತು, ಮೇಲಿನ ಗದ್ದೆಯವರು ಎಣ್ಣಿ ಹೊಡೆದರು. ಅವಳು ಹೇಳಿದ್ದ ದಾರಿಯಲ್ಲೇ ನೀರು ಇಳಿದು, ನಾನು ಹೇಳಿದ್ದ ಒಡ್ಡಿನ ಅಡಿಯಿಂದ ಬಸಿದು ಹೊಂಡ ಸೇರಿತು. ಎರಡೇ ದಿನದಲ್ಲಿ ಸೀಗಡಿಯೆಲ್ಲ ಸತ್ತವು.

ಕಾರಣ ಬರೆದುಕೊಂಡು ಬರಲು ಕಚೇರಿಯವರು ನನ್ನನ್ನೇ ಕಳಿಸಿದರು. ಈ ಸಲ ಅದಕ್ಕೊಂದು ಫಾರಂ ಇತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹೊಂಡದಂಚಿನಿಂದ ಒಂದು ಹಿಡಿ ಕೆಸರು ತಂದು ನನ್ನ ಅಂಗೈಗೆ ಹಾಕಿದಳು. ಔಷಧಿಯ ಘಾಟು ಮೂಗಿಗೆ ಬಡಿಯಿತು.

“ಅವತ್ತಿನಂಗ ಬಾಯಾಗ ಇಟ್ಟು ನೋಡ್ರಿ ಸಾರ್. ಇನ್ನ ಇದ್ರಾಗ ಜ್ವಾಳನಾರ ಬೆಳೀತೈತೇನು, ಹೇಳ್ರಿ.”

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೈ ಬಾಯಿಯ ತನಕ ಏಳಲಿಲ್ಲ.