ನಮೀಬಿಯಾಕ್ಕೊಂದು ಗೇರ್ ಗಾಡಿ

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ವರ್ಷ ಪೂರ್ತಿ ಊಟಕ್ಕೆ ಜಾಗವಿರಲಿಲ್ಲ. ಅಲ್ಲಿ ಆಫ್ರಿಕಾದ ನಮೀಬಿಯಾ ದೇಶ ಹರಡಿಕೊಂಡಿತ್ತು. ಒಂದು ತುದಿಗೆ ಕೆಂಪು ಮರಳಿನ ದಿಬ್ಬಗಳು, ಪಕ್ಕದಲ್ಲಿ ಉದ್ದಕ್ಕೂ ಸಮುದ್ರ, ಮೇಲ್ತುದಿಗೆ ಆನೆ ಸಿಂಹಗಳಿರುವ ಎಟೋಶಾ ಕಾಡು. ನಕ್ಷೆ ಸುರುಳಿ ಸುತ್ತಿಕೊಳ್ಳದಂತೆ ಮೂಲೆಗಳಿಗೆ ಉಪ್ಪಿನಕಾಯಿ ಜಾಡಿ, ತುಪ್ಪದ ಡಬ್ಬಿ ಇಟ್ಟಿದ್ದೆವು. ನಾನು, ನನ್ನ ಗಂಡ, ಹೈಸ್ಕೂಲು ಓದುತ್ತಿದ್ದ ಮಗಳು, ಮೂವರೂ ಸೋಫಾದ ಮೇಲೆ ತಟ್ಟೆ ಹಿಡಿದು ಉಣ್ಣುತ್ತಿದ್ದೆವು. ಈಗ ಮೇಜು ಮತ್ತೆ ಊಟಕ್ಕೆ ಸಿಕ್ಕಿದೆ. ಆದರೂ ಅದರ ಮೇಲೆ ತಟ್ಟೆ ಇಡುವಾಗ ಆ ವರ್ಷ ನೆನಪಾಗಿ ಮನಸ್ಸು ಒಂದು ಥರ ಆಗುತ್ತದೆ.

ಆ ಪ್ರವಾಸದ ಹುಚ್ಚು ಹತ್ತಿದ್ದು ನನ್ನ ಗಂಡನಿಗೆ. ಮೈಸೂರಿನವರು. ಚಿಕ್ಕವರಿದ್ದಾಗ ಅರಣ್ಯ ಇಲಾಖೆಯ ಬಸ್ಸಿನಲ್ಲಿ ಸಫಾರಿಗೆ ಹೋಗಿ, ಮುಂದಿನ ಸೀಟಿನ ದಪ್ಪ ಮನುಷ್ಯನ ಬೆನ್ನನ್ನು ಮಾತ್ರ ನೋಡಿ ಬಂದವರು. ಹಾಗಾಗಿ ನಮ್ಮ ಗಾಡಿ ನಾವೇ ಓಡಿಸಿಕೊಂಡು, ಬೇಕಾದಲ್ಲಿ ನಿಲ್ಲಿಸಿಕೊಂಡು, ಪ್ರಾಣಿಗಳನ್ನು ಕಣ್ತುಂಬ ನೋಡಬಹುದಾದ ದೇಶವೊಂದಿದೆ ಎಂದು ಗೊತ್ತಾದಾಗ ಅವರ ನಿದ್ದೆ ಹಾರಿಹೋಯಿತು. ಐಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಬೇರೆ. ಹೊಳೆ ದಾಟುವುದಕ್ಕೂ ಸ್ಪ್ರೆಡ್‌ಶೀಟ್ ಮಾಡುವ ಜಾತಿ. ಯಾವ ರಾತ್ರಿ ಎಲ್ಲಿ ಕ್ಯಾಂಪ್, ಯಾವ ಊರಿನಲ್ಲಿ ಡೀಸೆಲ್, ಜಲ್ಲಿ ರಸ್ತೆಗೆ ಬಂದಾಗ ಟೈರಿನ ಗಾಳಿ ಎಷ್ಟು ಇಳಿಸಬೇಕು, ಎಲ್ಲಕ್ಕೂ ಒಂದೊಂದು ಬಣ್ಣ. ಜನರಿಗೂ ಕೆಲಸ ಹಂಚಿದ್ದರು. ಮಗಳಿಗೆ ಫೋಟೊ, ನನಗೆ ಊಟ, ತಮಗೆ ಡ್ರೈವಿಂಗ್.

ಊಟದ ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದೆ. ನನ್ನ ತವರು ಗದಗ. ಮರಳುಗಾಡಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯ ಸಂಗಾತಿ ಇಲ್ಲ ಎಂದು ವಾದ ಮಾಡಿದೆ. ಅವರು ಪುಳಿಯೋಗರೆ ಗೊಜ್ಜಿನ ಪರ ನಿಂತರು. ಆನೆ ಕಾಣಿಸಿದಾಗ ಗೊಜ್ಜು ಕಲಸುತ್ತ ಕೂರಲಾಗುತ್ತದೆಯೇ ಎಂದು ನಾನು ರೇಗಿಸಿದೆ. ಇಂಥ ಜಗಳಗಳಲ್ಲಿ ಶನಿವಾರಗಳು ಹಾಯಾಗಿ ಹೋಗುತ್ತಿದ್ದವು.

ಆದರೆ ಒಂದು ಆಸೆಯನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ನಕ್ಷೆಯ ಮೇಲಿನ ಆ ಉದ್ದನೆಯ, ಖಾಲಿ, ಧೂಳಿನ ರಸ್ತೆಗಳನ್ನು ನೋಡಿದಾಗಲೆಲ್ಲ ಅಲ್ಲಿ ನಾನು ಗಾಡಿ ಓಡಿಸಬೇಕು ಅನಿಸುತ್ತಿತ್ತು. ಹೇಳುವುದಕ್ಕೆ ಏನಾಗಿತ್ತು ಎಂದು ನೀವು ಕೇಳಬಹುದು. ಇಲ್ಲಿಯ ನಮ್ಮ ಜನರ ಕಾರುಗಳನ್ನು ಒಮ್ಮೆ ನೋಡಿ. ವಾರವಿಡೀ ಮಕ್ಕಳನ್ನು ಸ್ಕೂಲಿಗೆ, ಸ್ವಿಮ್ಮಿಂಗಿಗೆ, ತಮ್ಮನ್ನು ತಾವು ಟ್ರೇನ್ ಸ್ಟೇಷನ್ನಿಗೆ ಓಡಿಸಿಕೊಂಡು ಹೋಗುವ ಹೆಂಗಸರೆಲ್ಲ ಶನಿವಾರ ಗಂಡ ಜೊತೆಗಿದ್ದರೆ ಕೀ ಅವನ ಕೈಗೆ ಕೊಟ್ಟು ಎಡಗಡೆಯ ಸೀಟಿನಲ್ಲಿ ಕೂರುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಜಗಳ ಮಾಡಿಲ್ಲ. ಯುಗಾದಿ ಪ್ರೋಗ್ರಾಮಿನ ಪಾರ್ಕಿಂಗಿನಲ್ಲಿ ನಿಂತು ನೋಡಿದರೆ ಸಾಲುಸಾಲಾಗಿ ಬಲಗಡೆಯಿಂದ ಗಂಡಸರು ಇಳಿಯುತ್ತಾರೆ, ಎಡಗಡೆಯಿಂದ ಸೀರೆ ಸರಿಮಾಡಿಕೊಳ್ಳುತ್ತ ಹೆಂಗಸರು. ನಾನೂ ಆ ಸಾಲಿನವಳೇ ಆಗಿದ್ದೆ. ಅದು ಒಳಗೊಳಗೇ ಚುಚ್ಚುತ್ತಿತ್ತು.

ಹೀಗಿರುವಾಗ ಗಾಡಿ ಬುಕ್ ಆಯಿತು. ತಲೆಯ ಮೇಲೆ ಟೆಂಟ್ ಹೊತ್ತ ದೊಡ್ಡ ಫೋರ್ ವೀಲ್ ಡ್ರೈವ್. ಬಾಡಿಗೆಯವರ ಕನ್ಫರ್ಮೇಶನ್ ಮೇಲ್ ಓದುತ್ತಿದ್ದ ನನ್ನ ಗಂಡ ಒಂದೇ ಸಾಲನ್ನು ಮತ್ತೆ ಮತ್ತೆ ಓದತೊಡಗಿದರು.

"ಏನಾಯ್ತ್ರೀ?" ಎಂದೆ.

"ಗಾಡಿ ಮ್ಯಾನುಯಲ್ ಅಂತೆ ಕಣೇ. ಗೇರ್ ಗಾಡಿ."

ಅಷ್ಟು ಬಣ್ಣದ ಸ್ಪ್ರೆಡ್‌ಶೀಟಿನಲ್ಲಿ ಈ ಒಂದು ಮಾತಿಗೆ ಬಣ್ಣ ಬಿದ್ದಿರಲಿಲ್ಲ. ಮೈಸೂರಿನಲ್ಲಿ ಅವರು ಓಡಿಸಿದ್ದು ಸ್ಕೂಟರ್. ಕಾರು ಕಲಿತಿದ್ದು ಮೆಲ್ಬರ್ನಿಗೆ ಓದಲು ಬಂದು ಡ್ಯಾಂಡಿನಾಂಗ್‌ನ ವೇರ್‌ಹೌಸಿನಲ್ಲಿ ಕೆಲಸ ಮಾಡುತ್ತಿದ್ದಾಗ, ಅದೂ ಆಟೋಮ್ಯಾಟಿಕ್ ಕಾರಿನಲ್ಲಿ. ನಮ್ಮ ಕಡೆಯ ಎಷ್ಟೋ ಹುಡುಗರ ಕಥೆ ಇದೇ. ಹಾಗಾಗಿ ಎಲ್ಲ ಕಾರುಗಳೂ ತಾವಾಗಿಯೇ ಗೇರ್ ಹಾಕಿಕೊಳ್ಳುತ್ತವೆ ಎಂದು ಅವರು ಎಂದೋ ನಂಬಿಬಿಟ್ಟಿದ್ದರು. ಫೋನ್ ಮಾಡಿ ಕೇಳಿದರೆ, ಸ್ಕೂಲ್ ರಜೆಯ ಸಮಯಕ್ಕೆ ಆಟೋಮ್ಯಾಟಿಕ್ ಗಾಡಿ ಒಂದೂ ಉಳಿದಿರಲಿಲ್ಲ.

"ಗೇರ್ ತಾನೇ? ಎರಡು ವೀಕೆಂಡ್ ಸಾಕು, ಕಲ್ತ್ಬಿಡ್ತೀನಿ," ಎಂದರು. ನಾನು ಆಗಲೂ ಬಾಯಿ ಬಿಡಲಿಲ್ಲ. ಅವರಾಗಿಯೇ ನನ್ನನ್ನು ಕೇಳಲಿ ಎಂಬ ಹಟ. ನನಗೆ ಗೇರ್ ಗಾಡಿ ಬರುತ್ತದೆ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಮದುವೆಯಾದ ಹೊಸದರಲ್ಲಿ ಎಷ್ಟು ಸಲ ಹೇಳಿದ್ದೆ. ಆದರೆ ಅವರ ಪಾಲಿಗೆ ಅದು ಹೆಂಡತಿಯ ತವರಿನ ಕಥೆಗಳಲ್ಲೊಂದು.

ನನ್ನ ಪಾಲಿಗೆ ಅದು ಕಥೆಯಲ್ಲ. ಅಪ್ಪ ದನದ ಡಾಕ್ಟರು. ಕುರಿಗಳಿಗೆ ಇಂಜೆಕ್ಷನ್ ಹಾಕಲು ಹಳ್ಳಿಹಳ್ಳಿ ಸುತ್ತಬೇಕೆಂದು ಹರಾಜಿನಲ್ಲಿ ಒಂದು ಹಳೆಯ ಜೀಪು ಹಿಡಿದಿದ್ದರು. ಗೇರಿನ ಗುಂಡಿ ಎಲ್ಲೋ ಬಿದ್ದುಹೋಗಿ, ಆ ಜಾಗಕ್ಕೆ ಅವ್ವನ ಹಳೆಯ ಇಳಕಲ್ ಸೀರೆಯ ಚೂರು ಸುತ್ತಿದ್ದರು. ನಾನು ಕಾಲೇಜಿಗೆ ಸೇರಿದ ವರ್ಷ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳಕ್ಕೆ ಕರೆದುಕೊಂಡು ಹೋಗಿ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು. ನನ್ನ ತಮ್ಮ ಹಿಂದಿನ ಸೀಟಿನಲ್ಲಿ ಕೂತು ನಗುತ್ತಿದ್ದ. ಅಪ್ಪ ನನ್ನ ಕೈಯನ್ನಾಗಲಿ ಕಾಲನ್ನಾಗಲಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಿದ್ದರು.

"ಗಾಡಿ ಏನ ಹೇಳತೈತಿ ಕೇಳವಾ. ಗಡಬಡಿ ಮಾಡಬ್ಯಾಡ. ಅದಕ್ಕ ಸಾಕಾದಾಗ ಅದ ಹೇಳತೈತಿ, ಆವಾಗ ಗೇರ್ ಬದಲಿ ಮಾಡು."

ಆ ಬೇಸಿಗೆ ಮುಗಿಯುವಷ್ಟರಲ್ಲಿ ನಾನು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳ್ಳಿಗಳಿಗೆ ಹೋಗಿಬರುತ್ತಿದ್ದೆ. ಎರೆಮಣ್ಣಿನ ಧೂಳು ಹಲ್ಲಿಗೆ ಹತ್ತುತ್ತಿತ್ತು. ಡಾಕ್ಟರ ಮಗಳು ಜೀಪು ಹೊಡೆಯುತ್ತಾಳೆಂದು ಊರ ಬಾಯಿಗೆ ಕೆಲಸ ಸಿಕ್ಕಿತು. ಅಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಈಗ ಅಪ್ಪನೂ ಇಲ್ಲ, ಜೀಪೂ ಇಲ್ಲ. ಅಷ್ಟು ಸುಖವಾಗಿ ನಾನು ಮತ್ತೆಂದೂ ಇರಲಿಲ್ಲ ಎಂದು ಕೆಲವೊಮ್ಮೆ ಅನಿಸುತ್ತದೆ.

ಆ ತಮ್ಮ ಈಗ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿದ್ದಾನೆ. ಅವನ ಹತ್ತಿರ ಒಂದು ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಇತ್ತು, ಗೇರಿನದ್ದೇ. ಅದರಲ್ಲಿ ಕಲಿಯೋಣವೆಂದು ಒಂದು ಲಾಂಗ್ ವೀಕೆಂಡಿಗೆ ಸಿಡ್ನಿಯಿಂದ ನಮ್ಮ ಕಾರಿನಲ್ಲಿ ಅವನ ಮನೆಗೆ ಹೋದೆವು. ಮರುದಿನ ಬೆಳಿಗ್ಗೆ ಸಮುದ್ರದ ಪಕ್ಕದ ಖಾಲಿ ಪಾರ್ಕಿಂಗಿನಲ್ಲಿ ಪಾಠ ಶುರುವಾಯಿತು. ನನ್ನ ಗಂಡ ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ನನ್ನ ತಮ್ಮ, ನಾನು ಮತ್ತು ಮಗಳು ಚಹಾದ ಫ್ಲಾಸ್ಕ್ ಹಿಡಿದು ಹಿಂದೆ.

ಗಾಡಿ ಎದ್ದಿತು, ಕೆಮ್ಮಿತು, ಕುಪ್ಪಳಿಸಿ ನಿಂತಿತು. ಮತ್ತೆ ಎದ್ದಿತು, ಮತ್ತೆ ನಿಂತಿತು. "ಕ್ಲಚ್ ಸಾವಕಾಶ ಬಿಡ್ರಿ ಮಾಮಾ," ಎಂದು ತಮ್ಮ ಹೇಳುತ್ತಲೇ ಇದ್ದ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುವುದು ರೂಢಿ. ಮಾಮನಿಗೆ ಬೆವರು ಇಳಿಯುತ್ತಿತ್ತು. ನಾಯಿ ಕರೆದುಕೊಂಡು ಬಂದಿದ್ದ ಮುದುಕಿಯೊಬ್ಬಳು ನಿಂತು ನೋಡತೊಡಗಿದಳು. ಗಾಡಿಯ ಒದ್ದಾಟ ಕೇಳಲಾರದೆ ನನ್ನ ಎಡಗೈ ತಾನಾಗಿಯೇ ಗಾಳಿಯಲ್ಲಿ ಗೇರ್ ಹಾಕುತ್ತಿತ್ತು. ತಮ್ಮ ಹಿಂದೆ ತಿರುಗಿ ಅದನ್ನು ನೋಡಿಬಿಟ್ಟ.

"ಮಾಮಾ, ಒಂದೀಟು ಅಕ್ಕಗ ಕೊಡ್ರಿ. ಅಪ್ಪನ ಜೀಪು ನನಗಿಂತ ಮೊದ್ಲ ಆಕಿನ ಹೊಡದಾಳ."

"ಅದು ಯಾವಾಗಲೋ ಊರಲ್ಲಿ ಅಲ್ವಾ?" ಎಂದರು ನನ್ನ ಗಂಡ. ಆದರೂ ಇಳಿದರು. ನಾನು ಹತ್ತಿದೆ. ಸೀಟು ಮುಂದಕ್ಕೆ ಎಳೆದುಕೊಂಡು ಕ್ಲಚ್ ಒತ್ತಿದೆ. ಕಾಲಿಗೆ ಎಲ್ಲವೂ ನೆನಪಿತ್ತು. ಗಾಡಿ ಬೆಣ್ಣೆಯಂತೆ ಹೊರಟಿತು. ಪಾರ್ಕಿಂಗಿಗೆ ಎರಡು ಸುತ್ತು ಹಾಕಿ ರಸ್ತೆಗೆ ಇಳಿದೆ. "ಮಮ್, ಯು ಕ್ಯಾನ್ ಡ್ರೈವ್ ದಿಸ್ ಥಿಂಗ್?" ಎಂದು ಮಗಳು ಕಿವಿಯಿಂದ ಹೆಡ್‌ಫೋನ್ ತೆಗೆದಳು. ಡೀಸೆಲ್ ವಾಸನೆಗೆ ಅಪ್ಪ ಪಕ್ಕದಲ್ಲೇ ಕೂತ ಹಾಗಾಗಿ ನನಗೆ ಅಳು ಬಂತು. ತಮ್ಮನ ಕಣ್ಣೂ ಒದ್ದೆಯಾಗಿತ್ತು.

ನನ್ನ ಗಂಡ ಆಮೇಲೆ ಇಡೀ ದಿನ ಮಂಕಾಗಿದ್ದರು. ಸಂಜೆ ತಮ್ಮನ ಹಿತ್ತಿಲಿನಲ್ಲಿ ನಾವಿಬ್ಬರೇ ಇದ್ದಾಗ ಮೆಲ್ಲಗೆ ಹೇಳಿದರು.

"ಕ್ಯಾನ್ಸಲ್ ಮಾಡ್ಬಿಡೋಣ. ಇನ್ಯಾವಾಗಾದ್ರೂ ಆಟೋಮ್ಯಾಟಿಕ್ ಸಿಕ್ದಾಗ ಹೋದ್ರಾಯ್ತು."

"ಯಾಕ್ರೀ? ನಾನು ಓಡಸ್ತೀನಲ್ಲ."

"ನೀನು ಓಡಿಸ್ಬಿಟ್ರೆ ನಾನು ಅಲ್ಲಿ ಏನ್ ಮಾಡ್ಲಿ?"

ತಮಾಷೆಗೆ ಹೇಳಿದ್ದಲ್ಲ. ಮುಖ ಸಣ್ಣದಾಗಿತ್ತು. ಪಾಪ ಅನಿಸಬೇಕಿತ್ತು, ನನಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ವರ್ಷ ನಾನು ಏನು ಮಾಡ್ತಿದ್ನೋ ಅದನ್ನ ಮಾಡ್ರಿ," ಎಂದೆ. ಎದ್ದು ಒಳಗೆ ಹೋಗಿ, ಅಡುಗೆಮನೆಯಲ್ಲಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ಸದ್ದು ಮಾಡಿ ತೊಳೆದೆ. ವರ್ಷವಿಡೀ ಮೇಜಿನ ಮೇಲೆ ಹರಡಿಕೊಂಡಿದ್ದ ದೇಶ ಕೈತಪ್ಪಿ ಹೋಗುತ್ತದೆ ಎಂದು ಭಯವೂ ಆಗಿತ್ತು.

ಮರುದಿನ ಹೊರಡುವಾಗ ತಮ್ಮ ನಮ್ಮ ಕಾರಿನ ಕೀ ತನ್ನ ಜೇಬಿಗೆ ಹಾಕಿಕೊಂಡು, ತನ್ನ ಗಾಡಿಯ ಕೀಯನ್ನು ಮಾಮನ ಕೈಗೆ ಕೊಟ್ಟ. "ಇದನ್ನ ತಗೊಂಡ ಹೋಗ್ರಿ. ಒಂದ ತಿಂಗಳ ಪ್ರಾಕ್ಟೀಸ್ ಆಗ್ತೈತಿ. ನಿಮ್ಮ ಕಾರ್ ಇಲ್ಲೇ ಇರ್ಲಿ," ಎಂದ. ಅವನು ಅಪ್ಪನ ಮಗನೇ, ಮುಖದಲ್ಲಿ ಕಳ್ಳನಗು. ನನ್ನ ಗಂಡ ಕೀಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ತೂಗುತ್ತ ನಿಂತರು. ಆಮೇಲೆ ಅದನ್ನು ನನಗೆ ಕೊಟ್ಟು, ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು ಹತ್ತಿದರು.

ಮೊದಲ ಕೆಲವು ಗಂಟೆ ಅವರಿಗೆ ಹಿಂಸೆ. ಲಾರಿ ಕಂಡಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. "ಲೇನ್, ಲೇನ್," ಎನ್ನುತ್ತಿದ್ದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಬಾಗಿಲಿಗೆ ಇಡುತ್ತಿದ್ದರು. ನಾನು ನನ್ನ ಪಾಡಿಗೆ ಗೇರ್ ಬದಲಿಸುತ್ತ ಹೋದೆ. ವಿಕ್ಟೋರಿಯಾ ಮುಗಿದು ನ್ಯೂ ಸೌತ್ ವೇಲ್ಸ್ ಶುರುವಾಗುವ ಕಡೆ ಹೈವೇ ಮರ್ರೇ ನದಿಯನ್ನು ದಾಟುತ್ತದೆ. ಸೇತುವೆಗೆ ಬಂದಾಗ ಅವರು ಕಿಟಕಿಗೆ ಹಣೆ ಹಚ್ಚಿದರು.

"ಇದು ಯಾವ ನದಿ?"

"ಮರ್ರೇ."

"ನಾವು ಪ್ರತಿ ಸಲ ಇದನ್ನ ದಾಟ್ತೀವಾ?"

"ಪ್ರತಿ ಸಲ."

ಸಿಡ್ನಿಗೂ ಮೆಲ್ಬರ್ನಿಗೂ ನಡುವೆ ಆ ರಸ್ತೆಯಲ್ಲಿ ಅದೆಷ್ಟು ಸಲ ಗಾಡಿ ಓಡಿಸಿದ್ದರೋ. ನೀರು ಕಂಡೇ ಇರಲಿಲ್ಲ. ಅವರ ಕಣ್ಣಿಗೆ ಬಿದ್ದಿದ್ದೆಲ್ಲ ಸ್ಪೀಡ್ ಲಿಮಿಟ್, ಮುಂದಿನ ಗಾಡಿಯ ಕೆಂಪು ದೀಪ, ಕನ್ನಡಿ. ನಮ್ಮನ್ನು ಕ್ಷೇಮವಾಗಿ ಮನೆ ಮುಟ್ಟಿಸುವ ಗಡಿಬಿಡಿಯಲ್ಲಿ ಆ ಮನುಷ್ಯ ಆಸ್ಟ್ರೇಲಿಯಾವನ್ನು ಸರಿಯಾಗಿ ನೋಡೇ ಇರಲಿಲ್ಲ. ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಮುಂದೆ ಅವರು ಬ್ರೇಕ್ ಒತ್ತುವುದನ್ನು ಮರೆತರು. ನೀಲಗಿರಿ ಮರಗಳ ಸಿಪ್ಪೆ ಸುಲಿದಿದೆ ಎಂದರು, ಅಷ್ಟು ದೊಡ್ಡ ಗುಡ್ಡಕ್ಕೆ ಒಂದೇ ಒಂದು ಮನೆ ಎಂದರು. ಚಹಾಕ್ಕೆ ನಿಲ್ಲಿಸಿದಾಗ ಫೋನ್ ತೆಗೆದು ಬಾಡಿಗೆ ಕಂಪನಿಗೆ ಮೇಲ್ ಬರೆದು, ಕಳಿಸುವ ಮೊದಲು ನನಗೆ ತೋರಿಸಿದರು. ಡ್ರೈವರ್ ಹೆಸರು ಬದಲಾಯಿಸಿ ಎಂದು ಬರೆದು ನನ್ನ ಹೆಸರು ಹಾಕಿದ್ದರು. ಓದಿ ಫೋನ್ ವಾಪಸ್ ಕೊಟ್ಟೆ. ಅವರು ಅಲ್ಲೇ ಕಳಿಸಿದರು.

ಸಿಡ್ನಿಗಿಂತ ಮೊದಲು ಸಿಗುವ ಗೌಲ್ಬರ್ನ್ ಊರು ಸಮೀಪಿಸುವ ಹೊತ್ತಿಗೆ ಸಂಜೆಯಾಗಿತ್ತು. ಕಾಂಗರೂ ರಸ್ತೆಗೆ ಬರುವ ಹೊತ್ತೆಂದು ವೇಗ ಇಳಿಸಿದೆ.

"ಅಲ್ನೋಡು, ಅಲ್ನೋಡು!" ಎಂದು ನನ್ನ ಗಂಡ ಕೂಗಿದರು. "ಎಷ್ಟೊಂದು ಇದಾವೆ! ಮರಿ ಬೇರೆ! ಇಷ್ಟು ವರ್ಷ ನೀನು ಇದನ್ನೆಲ್ಲ ನೋಡ್ಕೊಂಡು ಬರ್ತಿದ್ಯಾ? ನಂಗೆ ಹೇಳ್ಲೇ ಇಲ್ವಲ್ಲೇ?"

"ಹೇಳ್ತಿದ್ದೆ. ರೋಡ್ ನೋಡ್ಕೋಬೇಕು ಸುಮ್ನಿರು ಅಂತಿದ್ರಿ."

ನನಗೂ ತಿರುಗಿ ನೋಡುವ ಆಸೆಯಾಗಿ ಕುತ್ತಿಗೆ ಎಳೆಯುತ್ತಿತ್ತು. ಆದರೆ ಹಿಂದೆ ಮಗಳು ನಿದ್ದೆ ಹೋಗಿದ್ದಳು, ಪಕ್ಕದಲ್ಲಿ ಇವರಿದ್ದರು, ಬೆಳಕು ಕಡಿಮೆಯಾಗುತ್ತಿತ್ತು. ಕಣ್ಣನ್ನು ರಸ್ತೆಯಿಂದ ಕೀಳುವ ಧೈರ್ಯ ಬರಲಿಲ್ಲ. ಇಷ್ಟು ವರ್ಷ ಅವರು ಕೂತಿದ್ದ ಸೀಟು ಹೇಗಿರುತ್ತದೆಂದು ಆಗ ನನಗೆ ತಿಳಿಯಿತು.

"ನನಗೆ ನೋಡ್ಲಿಕ್ಕಾಗಲ್ರೀ," ಎಂದೆ. "ನೀವೇ ಹೇಳ್ರಿ, ಏನು ಮಾಡ್ತಿದಾವೆ?"

ಅವರು ಕಿಟಕಿಯ ಗಾಜು ಇಳಿಸಿ, ಒಂದೊಂದಾಗಿ ಹೇಳತೊಡಗಿದರು.