ಎಂಬತ್ತನಾಲ್ಕು ಪಾದ

ಅಳತೆ ಮಾಮನಿಗೆ ಟೇಪು ಕಂಡರೆ ಆಗುತ್ತಿರಲಿಲ್ಲ. ಮನೆಗಳಿಗೆ, ಕಚೇರಿಗಳಿಗೆ ನೆಲಹಾಸು ಹಾಕುವುದು ಅವನ ಕಸುಬು. ಕೋಣೆಯ ಬಾಗಿಲಲ್ಲಿ ನಿಂತು, ಒಂದು ಬೂಟಿನ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ, ಉದ್ಘಾಟನೆಗೆ ಬಂದ ಮಂತ್ರಿಯ ಗಾಂಭೀರ್ಯದಲ್ಲಿ ಎದುರು ಗೋಡೆಯವರೆಗೆ ನಡೆಯುತ್ತಿದ್ದ. ಆಮೇಲೆ ಕತ್ತರಿಸಿ ತಂದ ಹಾಸು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಟೇಪು ಹಿಡಿದ ಎಂಜಿನಿಯರುಗಳನ್ನು ಕಂಡರೆ ಅವನಿಗೆ ಕನಿಕರ. “ಪಾಪ, ಓದಿದವ್ರು. ತಮ್ಮ ಕಾಲ ಮೇಲೇ ನಂಬಿಕೆ ಇಲ್ಲ” ಎನ್ನುತ್ತಿದ್ದ. ಮದುವೆಯ ದಿನವೂ ಇವರ ಕಣ್ಣು ತನ್ನ ಮೇಲಿರಲಿಲ್ಲ, ನೆಲದ ಮೇಲಿತ್ತು ಎಂದು ಹೆಂಡತಿ ನೆಂಟರ ಮುಂದೆ ದೂರುತ್ತಿದ್ದಳಂತೆ.

ಅವಳು ತೀರಿಕೊಂಡಾಗ ಮಗಳಿಗೆ ಆರು ವರ್ಷ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಮಾಮ ಅವಳನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದ. ಒಮ್ಮೆ ಊರಿನ ಜಿಮ್ನಾಸ್ಟಿಕ್ಸ್ ಸಭಾಂಗಣದಲ್ಲಿ ಅವನು ಮೂಲೆಯಲ್ಲಿ ಕೂತು ಅಂಟು ಬಳಿಯುತ್ತಿದ್ದಾಗ, ಮಗಳು ಸುತ್ತಿಟ್ಟ ಹಾಸಿನ ಮೇಲಿಂದ ಪಲ್ಟಿ ಹೊಡೆದು ನೆಟ್ಟಗೆ ನಿಂತಳು. ಅಲ್ಲಿ ತರಬೇತಿ ಕೊಡುವ ಮೇಡಂ ಅದನ್ನು ನೋಡಿದರು. ಹಾಸಿನ ಕೆಲಸ ಮೂರು ದಿನಕ್ಕೆ ಮುಗಿಯಿತು, ಹುಡುಗಿ ಅಲ್ಲೇ ಉಳಿದಳು.

ಅವಳಿಗೆ ಒಗ್ಗಿದ್ದು ವಾಲ್ಟ್. ದೂರದಿಂದ ಓಡಿಬಂದು, ಸ್ಪ್ರಿಂಗ್ ಹಲಗೆಯ ಮೇಲೆ ಎರಡೂ ಕಾಲೂರಿ, ಎದುರಿನ ಎತ್ತರದ ಮೇಜಿಗೆ ಅಂಗೈ ಒತ್ತಿ ಚಿಮ್ಮಿ, ಗಾಳಿಯಲ್ಲಿ ತಿರುಗಿ, ಆಚೆ ಇಳಿದು ಅಲ್ಲಾಡದೆ ನಿಲ್ಲಬೇಕು. ಓಟ ಎಲ್ಲಿಂದ ಶುರುವಾಗಬೇಕು ಎಂಬುದು ಒಬ್ಬೊಬ್ಬರಿಗೂ ಬೇರೆ. ಒಂದು ಹೆಜ್ಜೆ ಹಿಂದುಮುಂದಾದರೂ ಕಾಲು ಹಲಗೆಯ ತಪ್ಪು ಜಾಗಕ್ಕೆ ಬೀಳುತ್ತದೆ. ಅದಕ್ಕಾಗಿಯೇ ಓಟದ ಹಾದಿಯ ಪಕ್ಕದಲ್ಲಿ ಉದ್ದಕ್ಕೂ ಅಳತೆಯ ಟೇಪು ಅಂಟಿಸಿರುತ್ತಾರೆ. ಮಾಮನ ಮಗಳಿಗೆ ಮಾತ್ರ ಅದು ಲೆಕ್ಕಕ್ಕಿರಲಿಲ್ಲ. ಹಲಗೆಯಿಂದ ಎಂಬತ್ತನಾಲ್ಕು ಪಾದ ಅಳೆದು ಅಪ್ಪ ಸೀಮೆಸುಣ್ಣದ ಗೆರೆ ಎಳೆದರೇ ಅವಳು ಓಡುತ್ತಿದ್ದದ್ದು. ಮೇಡಂ ಒಂದು ವರ್ಷ ಜಗಳವಾಡಿ, ಸೋತು, ಕೊನೆಗೆ ಅವನನ್ನೇ ಸಹಾಯಕ ಎಂದು ಬರೆಸಿಕೊಂಡರು. ಹೀಗೆ ಹದಿನಾಲ್ಕು ವರ್ಷ ನಡೆಯಿತು.

ಎಲ್ಲ ದೇಶಗಳೂ ಸೇರುವ ದೊಡ್ಡ ಕ್ರೀಡಾಕೂಟಕ್ಕೆ ಅವಳು ಆಯ್ಕೆಯಾದಾಗ ಕಾಲಿನ ಮೂಳೆಗಳು ಆಗಲೇ ದೂರು ಹೇಳತೊಡಗಿದ್ದವು. ಇನ್ನೊಂದು ಕೂಟ ಅವಳ ಪಾಲಿಗಿಲ್ಲ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮಾಮ ಮಾತ್ರ ಅಲ್ಲಿ ಭಾರೀ ಉತ್ಸಾಹದಲ್ಲಿದ್ದ. ಈಜುಕೊಳದ ದಂಡೆಯನ್ನು ಕಾಲಲ್ಲಿ ಅಳೆದು ನಾಲ್ಕು ಬೆರಳು ಕಮ್ಮಿ ಇದೆ ಎಂದು ಸಾರಿದ. ಊಟದ ಮನೆಯಲ್ಲಿ ಭಾರ ಎತ್ತುವವರ ನಡುವೆ ಕೂತು, ಅವರಿಗೆ ಅರ್ಥವಾಗದ ನಮ್ಮ ಭಾಷೆಯಲ್ಲೇ ನಿಲ್ಲುವ ಕ್ರಮ ಹೇಳಿಕೊಟ್ಟ. ಅವರು ತಲೆಯಾಡಿಸುತ್ತ ತಿಂದರು.

ಮಗಳು ಕೊನೆಯ ಎಂಟು ಮಂದಿಯಲ್ಲಿ ಉಳಿದಳು. ಫೈನಲ್ ದಿನ ಕಣಕ್ಕೆ ಬರುವವರೆಲ್ಲ ತಂಡದ ಪೂರ್ತಿ ಉಡುಪಿನಲ್ಲೇ ಇರಬೇಕು ಎಂದು ಅಪ್ಪಣೆಯಾಯಿತು. ಮಾಮನ ಸವೆದ ಕಂದು ಬೂಟನ್ನು ನೋಡಿ ಅಧಿಕಾರಿಯೊಬ್ಬರು ಮುಖ ಸಿಂಡರಿಸಿ, ಹೊಸ ಬಿಳಿ ಬೂಟು ಕೊಡಿಸಿದರು. ಅವನ ಅಳತೆಯದು ಮುಗಿದಿತ್ತು, ಇದ್ದದ್ದು ಒಂದು ನಂಬರು ದೊಡ್ಡದು. ಮುಂದೆ ಹತ್ತಿ ತುಂಬಿ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ಹೇಗಿದೀನಿ ಎಂದು ಮಗಳನ್ನು ಕೇಳಿದ.

“ದೊಡ್ಡ ಮನುಷ್ಯ ಆಗ್ಬಿಟ್ಟೆ ಕಣಪ್ಪ” ಎಂದಳು ಅವಳು.

ಆ ಹಾದಿಯಲ್ಲಿ ಮೊದಲೇ ಒಮ್ಮೆ ಓಡಿ ನೋಡಲು ಅಂದು ಅವಕಾಶವಿರಲಿಲ್ಲ. ಸುತ್ತ ಕ್ಯಾಮೆರಾಗಳಿದ್ದವು. ಮಾಮ ಎಂದಿಗಿಂತ ನಿಧಾನವಾಗಿ, ಎಂದಿಗಿಂತ ನೆಟ್ಟಗೆ, ಎಂಬತ್ತನಾಲ್ಕು ಎಣಿಸಿ ಗೆರೆ ಎಳೆದ. ಮಗಳು ಗೆರೆಯ ಮೇಲೆ ನಿಂತಳು. ಒಮ್ಮೆ ಪಕ್ಕಕ್ಕೆ ನೋಡಿದಳು, ಒಮ್ಮೆ ಅಪ್ಪನನ್ನು. ಮಾಮ ಹೆಬ್ಬೆರಳು ಎತ್ತಿ ತೋರಿಸಿದ. ಅವಳು ಓಡಿದಳು.

ಕೊನೆಯ ಹೆಜ್ಜೆ ಹಲಗೆಗೆ ಎಟುಕಲಿಲ್ಲ. ಉದ್ದಕ್ಕೆ ಹಾರಿ ಹೇಗೋ ಅದರ ಅಂಚಿಗೆ ಕಾಲಿಟ್ಟಳು, ಮೇಜಿನ ಮೇಲೆ ಕೈ ಜಾರಿತು, ಅರ್ಧ ತಿರುಗಿ ಬಲಗಾಲಿನ ಮೇಲೆ ಬಿದ್ದಳು. ಮಂಡಿ ಮುರಿದ ಸದ್ದು ಹತ್ತಿರವಿದ್ದವರಿಗೆಲ್ಲ ಕೇಳಿಸಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುತ್ತ ಮಾಮ ಬಿಳಿ ಬೂಟು ಬಿಚ್ಚಿ, ಚೀಲದಿಂದ ಹಳೆಯದನ್ನು ತೆಗೆದ. ಎರಡನ್ನೂ ಗೋಡೆಗೆ ಹಿಮ್ಮಡಿ ತಾಗಿಸಿ ಇಟ್ಟ, ಯಾಕೆ ಇಟ್ಟನೋ ಅವನಿಗೇ ಗೊತ್ತಿಲ್ಲ. ಹೊಸದು ಅರ್ಧ ಬೆರಳಿನಷ್ಟು ಮುಂದೆ ಚಾಚಿತ್ತು. ಅರ್ಧ ಬೆರಳನ್ನು ಎಂಬತ್ತನಾಲ್ಕರಿಂದ ಗುಣಿಸಲು ಅವನಿಗೆ ಕಾಗದ ಬೇಕಾಗಲಿಲ್ಲ. ಎರಡೂವರೆ ಅಡಿ.

ಒಂದು ಕೈಯಲ್ಲಿ ಹಳೆಯ ಬೂಟು, ಇನ್ನೊಂದರಲ್ಲಿ ಹೊಸದು ಹಿಡಿದು, ಬರಿಗಾಲಲ್ಲಿ ಮಗಳ ಹಾಸಿಗೆಯ ಬಳಿ ಹೋಗಿ ನಿಂತ. ಹೇಳಬೇಕಾದ್ದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ಮಗಳು ಕೇಳಿಸಿಕೊಂಡಳು.

“ಗೊತ್ತಿತ್ತಪ್ಪ” ಎಂದಳು. “ಗೆರೆ ಮೇಲೆ ನಿಂತಾಗ್ಲೇ ಪಕ್ಕದ ಟೇಪು ನೋಡಿದ್ದೆ. ಯಾವಾಗ್ಲೂ ಬರೋ ನಂಬರು ಇರ್ಲಿಲ್ಲ.”

“ಮತ್ತೆ ಯಾಕಮ್ಮ ಓಡ್ದೆ?”

“ಟೇಪೇ ತಪ್ಪಿರ್ಬೇಕು ಅಂದ್ಕೊಂಡೆ.”

ಮಾಮ ಬೂಟುಗಳನ್ನು ಮಂಚದ ಕೆಳಗೆ ಇಟ್ಟ. ಮತ್ತೆ ಎತ್ತಿಕೊಂಡ. ಎಲ್ಲಿಡಬೇಕೆಂದು ತೋಚಲಿಲ್ಲ.

ಅದಾಗಿ ಏಳು ವರ್ಷವಾಗಿದೆ. ಮಗಳು ಅದೇ ಸಭಾಂಗಣದಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ, ಬಲಗಾಲು ಎಳೆದು ನಡೆಯುತ್ತಾಳೆ. ಬಿಡುವಿದ್ದಾಗ ಅಪ್ಪನ ಜೊತೆ ಕೆಲಸಕ್ಕೂ ಹೋಗುತ್ತಾಳೆ. ಕಳೆದ ತಿಂಗಳು ನಮ್ಮ ಮನೆಗೂ ಬಂದಿದ್ದರು. ಮಾಮನನ್ನು ಹಳೆಯ ಸಲಿಗೆಯಿಂದ ಕೆಣಕೋಣವೆಂದು ಬಾಯಿ ತೆರೆದವನು, ಅವನು ಜೇಬಿಗೆ ಕೈ ಹಾಕಿದ್ದನ್ನು ನೋಡಿ ಸುಮ್ಮನಾದೆ. ಟೇಪು ತೆಗೆದ. ಅದರ ಸುರುಳಿಯನ್ನು ಮಗಳು ಹಿಡಿದು ಬಿಚ್ಚುತ್ತ ಎದುರು ಗೋಡೆಗೆ ಹೋದಳು. ಅವಳು ಅಲ್ಲಿಗೆ ತಲುಪುವವರೆಗೂ ಮಾಮ ತಲೆ ಎತ್ತಲಿಲ್ಲ, ಬೇರೆಲ್ಲೂ ನೋಡಲಿಲ್ಲ, ಅವಳ ಕಾಲನ್ನೇ ನೋಡುತ್ತಿದ್ದ. ಗೋಡೆ ಮುಟ್ಟಿದ ಮೇಲೆ ತನ್ನ ಕೈಯಲ್ಲಿದ್ದ ತುದಿಯನ್ನು ನೆಲಕ್ಕೆ ಒತ್ತಿ, ನೀನೇ ಓದು ಎಂದ.

ಅವಳು ಓದಿದಳು.

“ಇನ್ನೊಂದ್ಸಲ ನೋಡಮ್ಮ” ಎಂದ ಮಾಮ.

ಅವಳು ಬಗ್ಗಿ ಇನ್ನೊಮ್ಮೆ ನೋಡಿದಳು.